ತಂಡಕ್ಕೆ ಹೆಸರಿಡುವ ಕ್ರಮ: ಬಳ್ಳಿಗಾವಿಯ ಹುಡುಗರಿಗೊಂದು ಕೈಪಿಡಿ

ಬೇಕಾಗುವ ಸಾಮಾನು: ಹನ್ನೊಂದು ಹುಡುಗರು, ಇಲ್ಲವೇ ಒಂದು ಹೋರಿ. ಟೀ-ಶರ್ಟಿನ ಖರ್ಚು ಹೊರಲು ಒಪ್ಪಿದ, ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲುವ ಅಂದಾಜಿರುವ ಒಬ್ಬ ಅಣ್ಣ. ಶಿರಾಳಕೊಪ್ಪದ ಫ್ಲೆಕ್ಸ್ ಅಂಗಡಿಯ ನಂಬರು. ಒಂದು ರಬ್ಬರು. ಕೊನೆಯದನ್ನು ಮರೆಯುವವರೇ ಜಾಸ್ತಿ.

ಹೋರಿಗೆ ಹೆಸರಿಡುವುದು ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ದೀಪಾವಳಿ ಕಳೆದ ಮೇಲೆ ಶಿಕಾರಿಪುರ, ಸೊರಬದ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಹಾರ, ಮೈಕಿನಲ್ಲಿ ಹೆಸರು. ಡಾನ್, ಪ್ರಳಯ, ರಾಕ್ಷಸ, ಯಾವುದಿಟ್ಟರೂ ನಡೆಯುತ್ತದೆ. ಹೋರಿ ಫ್ಲೆಕ್ಸ್ ಓದುವುದಿಲ್ಲ. ರಾಕ್ಷಸರ ಕಡೆಯಿಂದಲೂ ಇದುವರೆಗೆ ತಕರಾರು ಬಂದಿಲ್ಲ.

ತಂಡದ ಕಥೆ ಬೇರೆ. ಪೆನ್ನು ಹಿಡಿಯುವ ಮುಂಚೆ ಊರಲ್ಲೇ ಒಂದು ಸುತ್ತು ಹಾಕಿ ಬನ್ನಿ. ಮೊದಲು ಭೇರುಂಡೇಶ್ವರನ ಕಂಬ. 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ್ದು; ಸುಮಾರು ಮೂವತ್ತಡಿ ಎತ್ತರ. ಇಲ್ಲಿಯ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಇದೂ ಒಂದು ಕಾಲದ ‘ನಮ್ಮ ಟೀಮು, ನಿಮ್ಮ ಟೀಮು’ ಜಗಳದ ಹಕ್ಕಿಯೇ. ಹಿರಣ್ಯಕಶಿಪುವನ್ನು ಕೊಂದರೂ ನರಸಿಂಹನ ಕೋಪ ಇಳಿಯಲಿಲ್ಲ, ಆಗ ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ ಎಂದರು ಶೈವರು. ಬಿಟ್ಟಾರೆಯೇ ವೈಷ್ಣವರು? ನರಸಿಂಹ ಗಂಡಭೇರುಂಡನಾಗಿ ಆ ಶರಭನನ್ನೇ ಸೀಳಿದ ಎಂದರು. ನಮ್ಮ ಊರು ಮಾಡಿದ್ದು ನೋಡಿ: ಆ ಹಕ್ಕಿಗೇ ಒಂದು ‘ಈಶ್ವರ’ ಅಂಟಿಸಿ ಭೇರುಂಡೇಶ್ವರ ಎಂದು ಕರೆದು ಕೈಮುಗಿಯಿತು. ಕರ್ನಾಟಕ ಸರ್ಕಾರದ ಲಾಂಛನದಲ್ಲೂ ನಡುವೆ ಗಂಡಭೇರುಂಡ, ಅಕ್ಕಪಕ್ಕ ಆನೆಸೊಂಡಿಲಿನ ಶರಭಗಳು. ನಿಮ್ಮ ಜಾತಿ ಪ್ರಮಾಣಪತ್ರದ ತಲೆಯ ಮೇಲೆ ಹಳೇ ವೈರಿಗಳು ಒಟ್ಟಿಗೆ ನಿಂತಿದ್ದಾರೆ.

ಅಲ್ಲಿಂದ ಕೇದಾರೇಶ್ವರಕ್ಕೆ ನಡೆಯಿರಿ. ಕತ್ತೆತ್ತಿ ನೋಡಿದರೆ ಮೃಗವನ್ನು ಇರಿಯುತ್ತಿರುವ ಸಳ, ಹೊಯ್ಸಳರ ಲಾಂಛನ. ಚೋಳರ ಲಾಂಛನ ಹುಲಿ. ತಲಕಾಡಿನಲ್ಲಿ ವಿಷ್ಣುವರ್ಧನ ಚೋಳರನ್ನು ಸೋಲಿಸಿದ್ದಕ್ಕೂ ಈ ಚಿತ್ರಕ್ಕೂ ಗಂಟು ಹಾಕುವ ಇತಿಹಾಸಕಾರರಿದ್ದಾರೆ. ಹಾಗಿದ್ದರೆ ಎದುರಾಳಿಯ ಲಾಂಛನವನ್ನೇ ಇರಿದು ಗುಡಿಯ ಮೇಲೆ ಕೂರಿಸಿದ ಹಾಗಾಯಿತು. ಇದಕ್ಕಿಂತ ಚುಚ್ಚುವ ಮೂದಲಿಕೆ ಬೇಕೇ? ಆದರೂ ಇದು ನನಗೆ ತಪ್ಪಾಗಿ ಕಾಣುವುದಿಲ್ಲ. ಮೂದಲಿಸಿಕೊಂಡವನ ಕೈಯಲ್ಲೂ ಕತ್ತಿ ಇತ್ತು, ಸೈನ್ಯ ಇತ್ತು, ತಿರುಗಿ ಮೂದಲಿಸಲು ತನ್ನದೇ ಗೋಪುರಗಳಿದ್ದವು. ಶಿಕಾರಿಪುರದ ತಂಡವನ್ನು ಸೊರಬದವರು ಆಡಿಕೊಂಡರೆ, ಮುಂದಿನ ವಾರ ಸೊರಬವನ್ನು ಆಡಿಕೊಳ್ಳಲು ಶಿಕಾರಿಪುರಕ್ಕೆ ಬಾಯಿಲ್ಲವೇ?

ಈಗ ಮಾಡಬಾರದ ಕ್ರಮ. ಅಮೆರಿಕದಲ್ಲೊಂದು ಫುಟ್‌ಬಾಲ್ ತಂಡ 1933ರಲ್ಲಿ ‘ರೆಡ್‌ಸ್ಕಿನ್ಸ್’ ಎಂದು ಹೆಸರಿಟ್ಟುಕೊಂಡಿತು, ಎಂದರೆ ಕೆಂಪು ತೊಗಲಿನವರು. ಆ ನೆಲದ ಮೂಲನಿವಾಸಿಗಳನ್ನು ಬೈಯುವ ಮಾತು. ಸೂಜನ್ ಹಾರ್ಜೊ ಮತ್ತಿತರ ಮೂಲನಿವಾಸಿಗಳು 1992ರಲ್ಲೇ ಅದರ ಟ್ರೇಡ್‌ಮಾರ್ಕ್ ರದ್ದು ಮಾಡಿ ಎಂದು ಅರ್ಜಿ ಹಾಕಿದರು. ತಂಡದ ಉತ್ತರ: ಇದು ನಿಮಗೆ ನಾವು ಕೊಡುವ ಗೌರವ! 2013ರಲ್ಲಿ ಮಾಲೀಕ ಡ್ಯಾನ್ ಸ್ನೈಡರ್, ಹೆಸರು ಎಂದೆಂದಿಗೂ ಬದಲಾಗದು, ಬೇಕಿದ್ದರೆ ದೊಡ್ಡಕ್ಷರದಲ್ಲೇ ಹಾಕಿಕೊಳ್ಳಿ ಎಂದ. (ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಇಂಥ ಶಪಥಗಳಿಂದ ನಾವು ಬಚಾವು.) 2020ರ ಜುಲೈನಲ್ಲಿ ಪ್ರಾಯೋಜಕರು ಕೈ ಎಳೆಯುವ ಸೂಚನೆ ಕೊಟ್ಟರು, ಹೆಸರು ಹೋಯಿತು. ಅರ್ಜಿಗೆ ಆಗದ್ದು ದುಡ್ಡಿಗೆ ಆಯಿತು. ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ತಂಡವೂ ಹಲ್ಲು ಕಿಸಿಯುವ ಕೆಂಪು ಮುಖದ ‘ಚೀಫ್ ವಾಹೂ’ನನ್ನು 2019ರಿಂದ ಅಂಗಿಯಿಂದ ಇಳಿಸಿತು, 2022ರಿಂದ ‘ಇಂಡಿಯನ್ಸ್’ ಹೋಗಿ ‘ಗಾರ್ಡಿಯನ್ಸ್’ ಆಯಿತು.

ಅಮೆರಿಕದವರಿಗೆ ಬುದ್ಧಿ ಹೇಳುವ ಮುಂಚೆ ನನ್ನದೊಂದು ಇದೆ. 2011ರಲ್ಲಿ ಯಶ್ ಅವರ ‘ಕಿರಾತಕ’ ಬಂದಾಗ ನಮ್ಮ ತಂಡಕ್ಕೆ ‘ಕಿರಾತಕ ಬಾಯ್ಸ್’ ಎಂದು ಹೆಸರಿಟ್ಟವನು ನಾನೇ. ಬೆನ್ನಿನ ಮೇಲೆ ಅಂಗೈ ಅಗಲದ ಅಕ್ಷರ. ಕಿರಾತ ಎಂದರೆ ಬೇಡ, ಕಾಡಿನವನು. ಅರ್ಜುನನನ್ನು ಪರೀಕ್ಷಿಸಲು ಶಿವ ಹಾಕಿದ ವೇಷವೂ ಅದೇ. ನಮ್ಮ ಬಾಯಲ್ಲಿ ಮಾತ್ರ ಅದು ಬೈಗುಳ. ತಂಡದಲ್ಲಿ ಬೇಡರ ಮನೆಯ ಒಬ್ಬ ಹುಡುಗನಿದ್ದ, ಕೆರೆಗೆ ಬಿದ್ದ ಚೆಂಡು ತರುವ ಕೆಲಸ ಯಾವಾಗಲೂ ಅವನದೇ. ಮೊದಲ ಪಂದ್ಯಕ್ಕೆ ಟೀ-ಶರ್ಟನ್ನು ಒಳಹೊರಗು ತಿರುವಿ ಹಾಕಿಕೊಂಡು ಬಂದ. ಹೊಲಿಗೆಯೆಲ್ಲ ಮೇಲೆ ಕಾಣುತ್ತಿತ್ತು. ಯಾಕೋ ಎಂದರೆ, “ಸೆಕೆ, ಅಣ್ಣಾ” ಎಂದ. ಪ್ಲಾಸ್ಟಿಕ್ ಅಕ್ಷರ ಮೈಗೆ ತಾಗಿದರೆ ಸೆಕೆ ಹೆಚ್ಚಬೇಕು, ಕಡಿಮೆಯಾಗಬಾರದು. ಅದು ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಹೆಸರಲ್ಲಿ ಬೈಗುಳವಿಲ್ಲ ಎಂದ ಮಾತ್ರಕ್ಕೆ ಪಾಸಾಯಿತು ಎಂದುಕೊಳ್ಳಬೇಡಿ. ಬೊಂಬಾಯಿಯ ಪೆಂಟಾಂಗ್ಯುಲರ್ ಕ್ರಿಕೆಟ್ಟಿನಲ್ಲಿ ತಂಡಗಳ ಹೆಸರು ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು. ಯಾರಲ್ಲೂ ಸೇರದ ಐದನೆಯವರಿಗೆ ‘ದಿ ರೆಸ್ಟ್’, ಉಳಿದವರು. ಮದುವೆ ಊಟದ ಕೊನೇ ಪಂಕ್ತಿ ಕರೆದ ಹಾಗೆ. ಕ್ರೈಸ್ತರಾದ ವಿಜಯ್ ಹಜಾರೆ ಆ ಉಳಿದವರ ಪರವಾಗಿ 1943ರಲ್ಲಿ ತಂಡದ 387 ರನ್ನಿನಲ್ಲಿ 309 ಒಬ್ಬರೇ ಹೊಡೆದರು. ಇನ್ನು ಅದಕ್ಕೂ ಹಿಂದಿನ ಕಾಲದಲ್ಲಿ ‘ಹಿಂದೂಗಳು’ ತಂಡದ ದೊಡ್ಡ ಬೌಲರ್ ಆಗಿದ್ದ ಪಾಲ್ವಂಕರ್ ಬಾಲೂ ನಮ್ಮ ಧಾರವಾಡದಲ್ಲಿ ಹುಟ್ಟಿದ ದಲಿತ. ಪುಣೆಯಲ್ಲಿ ಆಡುವಾಗ ಅವರಿಗೆ ಚಹಾ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ವಿಕೆಟ್ಟುಗಳು ಮಾತ್ರ ಎಲ್ಲರ ಲೆಕ್ಕಕ್ಕೆ.

ಹಾಗಾಗಿ ಫ್ಲೆಕ್ಸ್ ಅಂಗಡಿಯಿಂದ ಪ್ರೂಫು ವಾಟ್ಸಾಪಿಗೆ ಬಂದ ಕೂಡಲೇ ‘ಓಕೆ’ ಒತ್ತಬೇಡಿ. ಕೆರೆಗಿಳಿದು ಚೆಂಡು ತರುವವನಿಗೆ ಮೊದಲು ತೋರಿಸಿ. ಅವನು ‘ಚೆನ್ನಾಗಿದೆ ಅಣ್ಣಾ’ ಎಂದರೂ ಮುಖ ನೋಡಿ. ಅನುಮಾನ ಬಂದರೆ ರಬ್ಬರು ಇದೆಯಲ್ಲ.

ಬೇರೆ ಹೆಸರು ಹೊಳೆಯದಿದ್ದರೆ ಹಾಗೇ ಆಡಿ. ರೆಡ್‌ಸ್ಕಿನ್ಸ್ ಹೋದ ಮೇಲೆ ಅವರು ಎರಡು ವರ್ಷ ಬರೀ ‘ವಾಷಿಂಗ್ಟನ್ ಫುಟ್‌ಬಾಲ್ ತಂಡ’ ಎಂದು ಆಡಿದರು. ಮೊದಲ ವರ್ಷ ಏಳು ಪಂದ್ಯ ಗೆದ್ದು ಒಂಬತ್ತು ಸೋತರು, ಆದರೂ ತಮ್ಮ ವಿಭಾಗದಲ್ಲಿ ಮೊದಲನೆಯವರಾದರು.