ಸಿಳ್ಳೆ ಚಿಕ್ಕಪ್ಪನ ಪರದೇಶ

ನಮ್ಮ ಸಿಳ್ಳೆ ಚಿಕ್ಕಪ್ಪನ ಪಾಸ್‌ಪೋರ್ಟಿನಲ್ಲಿ ಒಂದೇ ಒಂದು ಮೊಹರೂ ಇಲ್ಲ. ಮಗ ಓದಲು ಅಮೆರಿಕಕ್ಕೆ ಹೋದ ವರ್ಷ ಆಸೆಪಟ್ಟು ಮಾಡಿಸಿದ್ದು. ಅಂದಿನಿಂದ ಬೀರುವಿನಲ್ಲಿ ಚಿಕ್ಕಮ್ಮನ ರೇಷ್ಮೆ ಸೀರೆಗಳ ಕೆಳಗೆ ಮಲಗಿದೆ. ಆದರೆ ತೆರೆದು ನೋಡಿ, ಪುಟಪುಟದ ನಡುವೆ ಒಂದೊಂದು ರಸೀದಿ. ತೆಲುಗಿನಲ್ಲಿ ಅಚ್ಚಾಗಿ, ಮೂಲೆಯಲ್ಲಿ ನೇರಳೆ ಬಣ್ಣದ ರಬ್ಬರ್ ಸ್ಟಾಂಪು ಬಡಿಸಿಕೊಂಡ, ಕಬಡ್ಡಿ ಪಂದ್ಯಾವಳಿಯ ಎಂಟ್ರಿ ಫೀ ರಸೀದಿಗಳು. “ನಮ್ಮ ವೀಸಾ ಇವೇ ಕಣೋ,” ಅನ್ನುತ್ತಾರೆ.

ಚಿಕ್ಕಪ್ಪನಿಗೆ ಮಧುಗಿರಿಯಲ್ಲಿ ಕಡ್ಲೆಕಾಯಿ ವ್ಯಾಪಾರ. ಬಿ.ಎ. ಅಂಕಪಟ್ಟಿ ಎಲ್ಲಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ತಾವು ಓದುತ್ತಿದ್ದಾಗ ಕಾಲೇಜು ಟೀಮು ಆಡಿದ ಪಂದ್ಯಗಳ ಅಂಕ ಕೇಳಿದರೆ ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಹಾಗೆಂದು ಅವರು ಆಟಗಾರರಲ್ಲ. ಕಬಡ್ಡಿಯಲ್ಲಿ ಅಂಕಣದೊಳಗೆ ಆಡುವವರು 7, ಹೊರಗೆ ಕೂತು ಕಾಯುವವರು 5. ಚಿಕ್ಕಪ್ಪ ಹದಿಮೂರನೆಯವರು. ಹದಿಮೂರನೆಯವನ ಕೆಲಸ ಮಿಕ್ಕ ಹನ್ನೆರಡು ಜನರ ಪ್ಯಾಂಟು, ಷರ್ಟು, ವಾಚು ಕಾಯುವುದು. ಮೂವತ್ತು ವರ್ಷದ ಮೇಲಾಯಿತು, ಇನ್ನೂ ಕಾಯುತ್ತಿದ್ದಾರೆ. ಹುಡುಗರು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಪ್ಯಾಂಟು ಹೋಗಿ ಜೀನ್ಸ್ ಬಂತು, ವಾಚು ಹೋಗಿ ಮೊಬೈಲು ಬಂತು. ತೋಳಿನ ಮೇಲೆ ಹನ್ನೆರಡು ಜೀನ್ಸು ನೇತುಹಾಕಿಕೊಂಡು, ಅಂಗಿ ಜೇಬಿನಲ್ಲಿ ನಾಲ್ಕು, ಲುಂಗಿ ಮಡಿಲಲ್ಲಿ ಎಂಟು ಮೊಬೈಲು ತುಂಬಿಕೊಂಡು ಅವರು ನಿಂತರೆ ಸಂತೆಗೆ ಅಂಗಡಿ ಹಾಕಲು ಬಂದವರಂತೆ ಕಾಣುತ್ತಾರೆ. ಯಾವ ಹುಡುಗನ ಅಮ್ಮ ಫೋನು ಮಾಡಿದರೂ ಉತ್ತರ ಒಂದೇ: “ಊಟ ಮಾಡ್ದ ಕಣಮ್ಮ, ಚೆನ್ನಾಗವ್ನೆ.”

ಇಂಥವರು ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕಿನಲ್ಲಿ ಒಬ್ಬೊಬ್ಬರಿದ್ದಾರೆ. ಎಲ್ಲರೂ ಒಂದೇ ಬೆಂಚಿನವರು. ಶಿರಾದವರು ನಿವೃತ್ತ ಚರಿತ್ರೆ ಮೇಷ್ಟ್ರು. ತಮ್ಮೂರು 1687ರಿಂದ ಮೊಗಲರ ಸುಬಾಕ್ಕೆ ರಾಜಧಾನಿಯಾಗಿತ್ತು ಎಂಬ ಕಾರಣಕ್ಕೆ ಗಾಡಿಯಲ್ಲಿ ಮುಂದಿನ ಸೀಟು ಅವರಿಗೇ ಬೇಕು. ಕೊರಟಗೆರೆಯವರು ಸಿದ್ಧರಬೆಟ್ಟದಿಂದ ತಂದದ್ದು ಎಂದು ಒಂದು ಬೇರು ತೇದು ಉಳುಕಿದ ಕಾಲಿಗೆ ಹಚ್ಚುತ್ತಾರೆ. ಅದರ ವಾಸನೆಗೆ ಹುಡುಗರು ನೋವಿದ್ದರೂ ಇಲ್ಲ ಅನ್ನುವುದರಿಂದ ಬೇರು ಗುಣಕಾರಿ ಎಂದೇ ಹೆಸರಾಗಿದೆ. ಪಾವಗಡದವರು ಶನಿಮಹಾತ್ಮನ ಪ್ರಸಾದ ತರುತ್ತಾರೆ, ಜೊತೆಗೆ ತೆಲುಗನ್ನೂ ತರುತ್ತಾರೆ.

ತೆಲುಗು ಯಾಕೆಂದರೆ ಪರದೇಶ. ಪಾವಗಡ ನಮ್ಮ ತುಮಕೂರು ಜಿಲ್ಲೆಯದೇ ತಾಲ್ಲೂಕಾದರೂ ಮೂರು ಕಡೆ ಆಂಧ್ರ. ಮಧುಗಿರಿಯಿಂದ ಮಿಡಿಗೇಶಿ ಮೇಲೆ ಅಲ್ಲಿಗೆ ಹೊರಟರೆ ನಡುವೆ ಆಂಧ್ರದ ನೆಲ ದಾಟಬೇಕು. ಸ್ವಂತ ಜಿಲ್ಲೆಯ ನೆಂಟರ ಮನೆಗೆ ಹೋಗಲು ಪರರಾಜ್ಯ ತುಳಿಯುವ ಜನ ನಾವು. ಹಾಗಾಗಿ ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ತಿರುನಾಳಿಗೆ ಹೊನಲು ಬೆಳಕಿನ ಕಬಡ್ಡಿ ಇಟ್ಟರೆ ನಮ್ಮ ಕಾಲೇಜು ಟೀಮಿಗೂ ಕರೆ ಬರುತ್ತದೆ. ಚಿಕ್ಕಪ್ಪ ಅದನ್ನು “ಫಾರಿನ್ ಟೂರು” ಅನ್ನುತ್ತಾರೆ. 2022ರ ಏಪ್ರಿಲ್‌ನಲ್ಲಿ ಆ ಸೀಮೆ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. “ಜಿಲ್ಲೆ ಬದಲಾಯ್ತು, ರೆಫ್ರಿ ಮಾತ್ರ ಹಳಬನೇ,” ಎಂಬುದು ಚಿಕ್ಕಪ್ಪನ ಕೊರಗು.

ಕಳೆದ ಟೂರಿಗೆ ನಾನೂ ಹೋಗಿದ್ದೆ. ಒಂದು ಕ್ರೂಸರ್ ಗಾಡಿ, ಹತ್ತೊಂಬತ್ತು ಜನ. ಗಡಿಗೆ ಮೊದಲೇ ಬಂಕಿನಲ್ಲಿ ನಿಲ್ಲಿಸಿ, “ಫುಲ್ ಟ್ಯಾಂಕ್ ಹಾಕ್ಸಪ್ಪ, ಆ ದೇಶದಲ್ಲಿ ಡೀಸೆಲ್ ದುಬಾರಿ,” ಎಂದು ಡ್ರೈವರ್‌ಗೆ ಚಿಕ್ಕಪ್ಪನ ಎಚ್ಚರಿಕೆ. ಗಡಿ ದಾಟಿದ್ದೇ ಶಿರಾ ಮೇಷ್ಟ್ರು ಹಿಂದಿರುಗಿ, “ಅಮರಾಪುರದ ಹತ್ತಿರದ ಹೇಮಾವತಿ ಇದೆಯಲ್ಲ, ಅದೇ ನೊಳಂಬರ ಹೆಂಜೇರು. ರಾಜಧಾನಿ! ಕನ್ನಡ ಶಾಸನ ಹಾಕಿಸಿದ ದೊರೆಗಳು. ನೀವು ಹೋಗ್ತಿರೋದು ಪರದೇಶಕ್ಕಲ್ಲ, ತವರಿಗೆ,” ಅಂದರು. “ಸುಮ್ನಿರಿ ಮೇಷ್ಟ್ರೇ,” ಅಂದರು ಚಿಕ್ಕಪ್ಪ, “ತವರು ಅಂದ್ಬಿಟ್ರೆ ಹುಡುಗ್ರು ಸಲಿಗೆ ತಗೋತಾರೆ. ಫಾರಿನ್ ಅಂದ್ರೇ ಗೆಲ್ಲೋದು.” ಹಿಂದಿನ ಸೀಟಿನಲ್ಲಿ ಕಾಲೇಜಿನ ದೈಹಿಕ ಶಿಕ್ಷಣದ ಪಿ.ಡಿ. ಸಾರ್ ಕಿವಿಗೆ ಹತ್ತಿ ತುರುಕಿಕೊಂಡರು.

ಮೈದಾನದಲ್ಲಿ ಜರಡಿ ಹಿಡಿದ ಕೆಮ್ಮಣ್ಣು ಹಾಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದಿದ್ದರು. ದಾರಿಯುದ್ದಕ್ಕೂ ಪಾವಗಡದವರಿಂದ ಪಾಠ ಹೇಳಿಸಿಕೊಂಡಿದ್ದ ಚಿಕ್ಕಪ್ಪ ಸಮಿತಿಯವರ ಮುಂದೆ ನಿಂತು, ಎದೆ ಉಬ್ಬಿಸಿ, “ಮೇಮು ಮಧುಗಿರಿ ನುಂಚಿ ವಚ್ಚಿನಾಮು,” ಅಂದರು. ಮೇಜಿನ ಹಿಂದಿದ್ದ ಹಿರಿಯರು ರಸೀದಿ ಹರಿಯುತ್ತಾ, “ಗೊತ್ತಾಯ್ತು ಬನ್ನಿ ಸ್ವಾಮಿ, ಹೋದ ವರ್ಷ ಗಲಾಟೆ ಮಾಡಿದ್ದು ನೀವೇ ತಾನೆ?” ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಕನ್ನಡವೇ ಮನೆಮಾತು. ಚಿಕ್ಕಪ್ಪನಿಗೆ ಇದು ಪ್ರತಿ ವರ್ಷ ಗೊತ್ತಾಗುತ್ತದೆ, ಪ್ರತಿ ವರ್ಷ ಮರೆತುಹೋಗುತ್ತದೆ.

ಗಲಾಟೆಯ ಕತೆ ಇಷ್ಟು. ಚಿಕ್ಕಪ್ಪ ಎರಡು ಬೆರಳು ನಾಲಗೆಯ ಕೆಳಗೆ ಮಡಚಿ ಹೊಡೆಯುವ ಸಿಳ್ಳೆಗೂ ರೆಫ್ರಿಯ ಪೀಪಿಗೂ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ. ಹೋದ ವರ್ಷ ನಮ್ಮ ರೈಡರ್ ಇಬ್ಬರನ್ನು ಮುಟ್ಟಿ ವಾಪಸು ಓಡಿಬರುತ್ತಿದ್ದಾಗ ಚಿಕ್ಕಪ್ಪ ಸಂತೋಷ ತಡೆಯಲಾರದೆ ಊದಿದರು. ಹುಡುಗ ಆಟ ಮುಗಿಯಿತು ಎಂದುಕೊಂಡು ಗೆರೆಗೆ ಒಂದು ಮೊಳ ಹಿಂದೆಯೇ ನಿಂತು ಕೈ ಮೇಲೆತ್ತಿದ. ನಾಲ್ವರು ಬಂದು ಮೇಲೆ ಬಿದ್ದರು. ಸೋತ ನಾವೂ ಜಗಳ ತೆಗೆದೆವು, ಮೋಸದ ಸಿಳ್ಳೆ ಎಂದು ಗೆದ್ದ ಅವರೂ ಜಗಳ ತೆಗೆದರು. ಹಾಗಾಗಿ ಈ ಸಲ ಸಮಿತಿಯ ಷರತ್ತು: ರೈಡ್ ನಡೆಯುವ 30 ಸೆಕೆಂಡು ಮಧುಗಿರಿಯ ಹಿರಿಯರು ಎರಡೂ ಕೈ ಜೇಬಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಲುಂಗಿಗೆ ಜೇಬೆಲ್ಲಿ? ಕೊನೆಗೆ ಕೈ ಕಟ್ಟಿಕೊಂಡು ನಿಲ್ಲುವುದೆಂದು ರಾಜಿಯಾಯಿತು.

ಆದರೆ ಅವರು ನಿಂತದ್ದು ಅಂಕಣಕ್ಕೆ ಬೆನ್ನು ಮಾಡಿ! ಇದು ನನಗೆ ಅಂದೇ ತಿಳಿದದ್ದು. ಹುಡುಗನಾಗಿದ್ದಾಗ ಒಮ್ಮೆ ಇವರು ಕಡ್ಲೆಕಾಯಿ ಕೊಳ್ಳಲು ತಿರುಗಿದ್ದೇ ತಡ, ಸೋಲುತ್ತಿದ್ದ ಟೀಮು ಗೆದ್ದಿತಂತೆ. ಅಂದಿನಿಂದ ತಾನು ನೋಡಿದರೆ ಟೀಮಿಗೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಬೇರೂರಿದೆ. 2019ರ ಜನವರಿ 5ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿ ಪ್ರೊ ಕಬಡ್ಡಿ ಗೆದ್ದಿತಲ್ಲ, ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದನಲ್ಲ, ಆ ರಾತ್ರಿ ಚಿಕ್ಕಪ್ಪ ಟೀವಿಗೆ ಬೆನ್ನು ಕೊಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು. “ಆ 22ರಲ್ಲಿ ಒಂದೈದಾದ್ರೂ ನಂದು,” ಎಂದು ಈಗಲೂ ವಾದಿಸುತ್ತಾರೆ.

ಮಗನಿಗೂ ಈ ಹುಚ್ಚು ಅಂಟಿದೆ, ಸ್ವಲ್ಪ ದುಬಾರಿ ದರದಲ್ಲಿ. ಅವನು ಓದಿದ ಜಾರ್ಜಿಯಾ ಟೆಕ್ ಕಾಲೇಜಿನ ಫುಟ್‌ಬಾಲ್ ಟೀಮು 2024ರ ಆಗಸ್ಟ್ 24ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಫ್ಲಾರಿಡಾ ಸ್ಟೇಟ್ ವಿರುದ್ಧ ಆಡಿತು. ಅಟ್ಲಾಂಟಾದಿಂದ ಸಮುದ್ರ ಹಾರಿ ನೋಡಲು ಹೋದ ಪುಣ್ಯಾತ್ಮ. ಎರಡು ಅಮೆರಿಕದ ಕಾಲೇಜುಗಳು ಐರ್ಲೆಂಡಿಗೆ ಹೋಗಿ ಹೊಡೆದಾಡಿಕೊಳ್ಳುವುದು ಯಾಕೆ ಎಂದು ಚಿಕ್ಕಮ್ಮ ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಗ ಕಳಿಸಿದ ವಿಡಿಯೊ ನೋಡಿ ಚಿಕ್ಕಪ್ಪ ತೀರ್ಪು ಕೊಟ್ಟರು: “ಚೆಂಡು ಕಂಕುಳಲ್ಲಿ ಇಟ್ಕೊಂಡು ಓಡ್ತಾರೆ, ಸೊಂಟ ಹಿಡಿದು ಕೆಡವ್ತಾರೆ. ಇದು ಫುಟ್‌ಬಾಲ್ ಅಲ್ಲ ಕಣಯ್ಯ, ನಮ್ಮ ಕಬಡ್ಡಿನೇ. ನಡುವೆ ಒಂದು ತೆಂಗಿನಕಾಯಿ ಸೇರಿಸವ್ರೆ.”

ಆ ಪಂದ್ಯ ಕಟ್ಟಕಡೆಯ ಕ್ಷಣದ ಒಂದು ಒದೆತದಿಂದ 24–21ಕ್ಕೆ ಜಾರ್ಜಿಯಾ ಟೆಕ್ ಪಾಲಾಯಿತು. “ನೋಡಿದ್ಯೇನೋ ಆ ಒದೆ?” ಎಂದು ಚಿಕ್ಕಪ್ಪ ಫೋನಿನಲ್ಲಿ ಕೇಳಿದರು. “ಇಲ್ಲಪ್ಪ, ಮುಂದಿನ ಸೀಟಿನೋನು ಎದ್ದು ನಿಂತ್ಬಿಟ್ಟ, ಅವನ ಬೆನ್ನು ನೋಡ್ದೆ,” ಅಂದ ಮಗ. “ದಡ್ಡ, ಅಷ್ಟು ದುಡ್ಡು ಕೊಟ್ಟು ಇನ್ನೊಬ್ಬನ ಬೆನ್ನು ನೋಡೋ ಬದ್ಲು ನಿನ್ ಬೆನ್ನೇ ತಿರುಗಿಸಿ ನಿಂತಿದ್ರೆ ಇನ್ನೂ ಮುಂಚೆನೇ ಗೆಲ್ತಿದ್ರಲ್ಲೋ.”

ಮಡಕಶಿರಾ ಕಡೆಯ ಆ ರಾತ್ರಿಗೆ ಮತ್ತೆ ಬರೋಣ. ಕೊನೆಯ ರೈಡ್. ಅವರದು 29, ನಮ್ಮದು 28. ಎದುರು ನಾಲ್ವರೇ ಇದ್ದುದರಿಂದ ಬೋನಸ್ಸಿಗೂ ದಾರಿಯಿಲ್ಲ. ಬಿ.ಕಾಂ. ಎರಡನೇ ವರ್ಷದ ಸಣಕಲ ಹುಡುಗ ಗೆರೆ ಮುಟ್ಟಿ ನಮಸ್ಕಾರ ಮಾಡಿ ಒಳಗೆ ನುಗ್ಗಿದ. ಚಿಕ್ಕಪ್ಪನ ಎದುರಿಗೆ ಮಿರ್ಚಿ ಬಜ್ಜಿಯ ಬಾಣಲೆ. ನಾನು ಹುಡುಗನನ್ನು ನೋಡಲೋ ಇವರನ್ನು ನೋಡಲೋ ತಿಳಿಯದೆ ಇವರನ್ನೇ ನೋಡಿದೆ. ಕಣ್ಣು ಬಜ್ಜಿಯ ಮೇಲೆ, ಕಿವಿ ಬೆನ್ನಿನ ಹಿಂದೆ. ಕಬಡ್ಡಿ ಕಬಡ್ಡಿ ಎಂಬ ಉಸಿರು ಕೇಳುತ್ತಿತ್ತು. “ಪಟ್ಟುಕೋ! ಪಟ್ಟುಕೋ!” ಎಂದು ಊರಿಗೆ ಊರೇ ಕಿರುಚಿತು. ಧಪ್ಪೆಂದು ಮಣ್ಣಿಗೆ ಏನೋ ಬಿತ್ತು. ತೋಳಿನ ಮೇಲಿನ ಜೀನ್ಸುಗಳೆಲ್ಲ ನಡುಗಿದವು. ಆಮೇಲೆ ಪೀಪಿ, ಆಮೇಲೆ ಮೌನ, ಆಮೇಲೆ ರೆಫ್ರಿಯ ಎರಡು ಬೆರಳು. ಕಾಲು ಹಿಡಿದವನನ್ನೂ ಸೊಂಟ ಹಿಡಿದವನನ್ನೂ ಎಳೆದುಕೊಂಡೇ ಹುಡುಗ ಮುಗ್ಗರಿಸಿ ಬಿದ್ದಿದ್ದ. ಉಗುರಿನ ತುದಿ ನಡುಗೆರೆಯ ಸುಣ್ಣದ ಮೇಲಿತ್ತು. ಮೂವತ್ತು, ಇಪ್ಪತ್ತೊಂಬತ್ತು.

“ಏನಾಯ್ತು?” ಅಂದರು ಚಿಕ್ಕಪ್ಪ, ಇನ್ನೂ ತಿರುಗದೆ. ಬಜ್ಜಿಯವನೇ ಹೇಳಿದ. ಚಿಕ್ಕಪ್ಪ ಕಟ್ಟಿದ ಕೈ ಬಿಚ್ಚಿದರು. ಹನ್ನೆರಡು ಜೀನ್ಸು ಕೆಮ್ಮಣ್ಣಿಗೆ ಬಿದ್ದವು. ಆ ಸಿಳ್ಳೆಗೆ ಊರಿನ ನಾಯಿಗಳು ಉತ್ತರ ಕೊಟ್ಟವು.

ವಾಪಸು ಬರುವಾಗ ರಾತ್ರಿ ಎರಡು ಗಂಟೆ. ಕೊರಟಗೆರೆಯವರ ಬೇರಿನ ವಾಸನೆ ಗಾಡಿ ತುಂಬಿತ್ತು. ಚಿಕ್ಕಪ್ಪ ಹಿಂದಿನ ಸೀಟಿಗೆ ತಿರುಗಿ ಕೂತು ಆ ಕೊನೆಯ ರೈಡನ್ನು ಮೊದಲಿನಿಂದ ವರ್ಣಿಸಲು ಶುರುಮಾಡಿದರು: ಎಡಗಡೆಯವನು ಹೇಗೆ ಹೊಂಚು ಹಾಕಿದ, ನಮ್ಮ ಹುಡುಗ ಹೇಗೆ ಸೊಂಟ ತಿರುಚಿದ, ಬೆರಳು ಸುಣ್ಣ ಮುಟ್ಟುವ ಮುಂಚೆ ಗಾಳಿಯಲ್ಲಿ ಎಷ್ಟು ಹೊತ್ತು ನಡುಗಿತು. ಮೈದಾನದಲ್ಲಿ ಎರಡು ಕಣ್ಣು ಬಿಟ್ಟುಕೊಂಡು ನೋಡಿದ್ದ ಪಿ.ಡಿ. ಸಾರ್ ಕೂಡ ಕಿವಿಯ ಹತ್ತಿ ತೆಗೆದು ಕೇಳಿದರು. ಮಂಡಿಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಮುದುರಿದ್ದ ಬಿ.ಕಾಂ. ಹುಡುಗ ಬಾಯಿ ತೆರೆದುಕೊಂಡೇ ಇದ್ದ.

“ಹೌದಾ ಅಂಕಲ್?” ಅಂದ. “ನಾನು ಆಗ ಕಣ್ಣು ಮುಚ್ಚಿಬಿಟ್ಟಿದ್ದೆ. ಆಮೇಲೇನಾಯ್ತು?”