ಹಾಳು ಆಟ

ಹೆಪ್ಪಿಗೆ ಒಂದು ಚಮಚ ಮೊಸರು ಕೇಳೋಣ ಅಂತ ಬೇಲಿ ಹತ್ತಿರ ಹೋದೆ. ಆಚೆ ದಾಸವಾಳದ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಮೇಷ್ಟ್ರು ಫೋನಿಗೆ ಸಹಸ್ರನಾಮ ಮಾಡುತ್ತಿದ್ದರು. ಬಣ್ಣಬಣ್ಣದ ಗೋಲಿ ಜೋಡಿಸುವ ಯಾವುದೋ ಆಟ.

“ಹಾಳು ಆಟ ಕಣ್ರೀ! ಬುದ್ಧಿ ಇರೋನು ಮುಟ್ಟಬಾರದು.”

“ಎಷ್ಟನೇ ಲೆವೆಲ್ಲು ಮೇಷ್ಟ್ರೇ?”

ಉತ್ತರ ಅಡುಗೆಮನೆ ಕಿಟಕಿಯಿಂದ ಬಂತು. “ಸಾವಿರದ ನಾನೂರ ಹನ್ನೆರಡು! ನಿನ್ನೆ ಮಧ್ಯರಾತ್ರಿ ತನಕ ಅದೇ ಧ್ಯಾನ.” ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಹಣ್ಣಿರೋ ಮರಕ್ಕೇ ಕಲ್ಲೇಟು ಅಂತಾರೆ. ಈ ವಿಡಿಯೋ ಗೇಮುಗಳ ವಿಷಯದಲ್ಲಿ ತಮಾಷೆ ಏನಪ್ಪಾ ಅಂದ್ರೆ, ಕಲ್ಲು ಹೊಡೆಯೋರ ಬಾಯಲ್ಲೂ ಅದೇ ಮರದ ಹಣ್ಣು.

ಮೇಷ್ಟ್ರಿಗೆ ವಿಯೆಟ್ನಾಮಿನ ಒಬ್ಬ ಹುಡುಗನ ಕಥೆ ಹೇಳಿದೆ. ಹನೋಯಿಯ ಡಾಂಗ್ ನ್ಗುಯೆನ್ 2013ರ ಮೇ ತಿಂಗಳಲ್ಲಿ ಫ್ಲಾಪಿ ಬರ್ಡ್ ಅನ್ನೋ ಆಟ ಬಿಟ್ಟ. ಕೆಲವೇ ದಿನದಲ್ಲಿ ಒಬ್ಬನೇ ಕೂತು ಮಾಡಿದ್ದು. ಪರದೆ ತಟ್ಟಿದರೆ ಹಕ್ಕಿ ಹಾರುತ್ತೆ, ಬಿಟ್ಟರೆ ಬೀಳುತ್ತೆ. ಹಸಿರು ಕೊಳವೆಗಳ ಸಂದಿಯಲ್ಲಿ ನುಸುಳಬೇಕು. ತಾಗಿತೋ, ಮತ್ತೆ ಸೊನ್ನೆಯಿಂದ ಶುರು. ಏಳೆಂಟು ತಿಂಗಳು ಯಾರೂ ಅದನ್ನ ಮೂಸಿ ನೋಡಲಿಲ್ಲ. ಆಗ ಬೈಗುಳವೂ ಇರಲಿಲ್ಲ ಅನ್ನೋದನ್ನ ಗಮನಿಸಿ! 2014ರ ಜನವರಿಯಲ್ಲಿ ಆಟ ಪಟ್ಟಿಯ ತುದಿಗೇರಿತು. ಜಾಹೀರಾತಿನಿಂದ ದಿನಕ್ಕೆ ಐವತ್ತು ಸಾವಿರ ಡಾಲರ್ ಬರ್ತಿದೆ ಅನ್ನೋ ಸುದ್ದಿ ಹೊರಬಿತ್ತು. ಆಮೇಲೆ ನೋಡಿ. ಕೊಳವೆ ಮಾರಿಯೋ ಆಟದಿಂದ ಎತ್ತಿದ್ದು ಅಂದರು, ಇದೂ ಒಂದು ಆಟವಾ ಅಂದರು, ನನ್ನ ಬದುಕು ಹಾಳಾಯ್ತು ಅಂದರು. ಹಾಗಂದವರು ಆಡೋದು ಬಿಟ್ಟರಾ? ಇಲ್ಲ. ಫೆಬ್ರವರಿಯಲ್ಲಿ ಹುಡುಗನಿಗೆ ಸಾಕಾಯ್ತು. ಇಪ್ಪತ್ತೆರಡು ಗಂಟೆಯಲ್ಲಿ ತೆಗೀತೀನಿ ಅಂತ ಟ್ವಿಟರಿನಲ್ಲಿ ಹೇಳಿ, ತೆಗೆದೇಬಿಟ್ಟ.

“ಅಲ್ಲಿಗೆ ಶಾಂತಿ” ಅಂದರು ಮೇಷ್ಟ್ರು.

ಎಲ್ಲಿಯ ಶಾಂತಿ! ತೆಗೆದದ್ದಕ್ಕೂ ಬೈಗುಳ, ಕೊಲೆ ಬೆದರಿಕೆ ಕೂಡ. ಆ ಆಟ ಇರುವ ಹಳೇ ಫೋನುಗಳನ್ನ ಇಬೇಯಲ್ಲಿ ಸಾವಿರಾರು ಡಾಲರ್ ಬೆಲೆ ಹಾಕಿ ಮಾರಾಟಕ್ಕಿಟ್ಟರು.

ನನಗನ್ನಿಸೋದು, ಸೋತಾಗ ಮನುಷ್ಯನಿಗೆ ಬೈಯೋಕೆ ಒಂದು ಮುಖ ಬೇಕು. ಚೌಕಾಬಾರದಲ್ಲಿ ಗರ ಬೀಳದಿದ್ದರೆ ಕವಡೆಗೆ ಬೈತಿದ್ವಿ, ಎದುರು ಕೂತ ಅತ್ತಿಗೆ ಕೈ ಆಡಿಸಿದಳು ಅಂತ ಜಗಳ ತೆಗೀತಿದ್ವಿ. ಫೋನಿನಲ್ಲಿ ಎದುರಿಗೆ ಯಾರೂ ಇಲ್ಲ. ಎಲ್ಲೋ ಹನೋಯಿಯಲ್ಲಿ ಕೂತ ಹುಡುಗನೇ ಸಿಕ್ಕಬೇಕು.

ಆಡದವರ ಸಿಟ್ಟು ಬೇರೆ ಥರ. ಊರೆಲ್ಲ ಒಂದೇ ಆಟದ ಹಿಂದೆ ಬಿದ್ದಾಗ ಆಡದವನ ತಲೆ ಚಿಟ್ಟು ಹಿಡಿಯುತ್ತೆ. 2015ರ ಅಕ್ಟೋಬರಿನಲ್ಲಿ ಫೇಸ್‌ಬುಕ್ಕಿನ ಜುಕರ್‌ಬರ್ಗ್ ದೆಹಲಿಯ ಐಐಟಿಗೆ ಬಂದಿದ್ದಾಗ, ಜನ ಅತಿ ಹೆಚ್ಚು ಮತ ಹಾಕಿ ಕಳಿಸಿದ್ದ ಪ್ರಶ್ನೆ ಯಾವುದು ಗೊತ್ತಾ? ಈ ಕ್ಯಾಂಡಿ ಕ್ರಶ್ ಆಟಕ್ಕೆ ಬರೋ ಆಹ್ವಾನಗಳನ್ನ ನಿಲ್ಲಿಸೋದು ಹೇಗೆ ಅಂತ!

“ಹಾಗಾದ್ರೆ ಬೈಯೋದೆಲ್ಲ ಹೊಟ್ಟೆಕಿಚ್ಚು, ಹತಾಶೆ ಅಂತೀರಾ?” ಮೇಷ್ಟ್ರಿಗೆ ಸ್ವಲ್ಪ ಬೇಸರವಾಗಿತ್ತು.

ಹಾಗಲ್ಲ. ಕೆಲವು ಸಲ ಬೈಗುಳ ನ್ಯಾಯವಾದದ್ದೇ. 2017ರಲ್ಲಿ ಇಎ ಕಂಪನಿಯ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಅನ್ನೋ ಆಟ ಬಂತು. ಪೂರ್ತಿ ಬೆಲೆ ಕೊಟ್ಟು ಕೊಂಡರೂ ಡಾರ್ತ್ ವೇಡರ್ ಅನ್ನೋ ಪಾತ್ರವನ್ನ ಕೈಗೆ ತಗೊಳ್ಳೋಕೆ ಗಂಟೆಗಟ್ಟಲೆ ಬೆವರು ಹರಿಸಬೇಕಿತ್ತು, ಇಲ್ಲಾಂದ್ರೆ ಮತ್ತೆ ದುಡ್ಡು ಬಿಚ್ಚಬೇಕಿತ್ತು. ಇದೆಲ್ಲ ನಿಮ್ಮ ಸಾಧನೆಯ ಹೆಮ್ಮೆಗೋಸ್ಕರ ಅಂತ ಕಂಪನಿ ಸಮಜಾಯಿಷಿ ಕೊಟ್ಟಿತು. ಆ ಮಾತಿಗೆ ರೆಡಿಟ್‌ನಲ್ಲಿ ಬಿದ್ದ ವಿರೋಧದ ಮತ ಆರು ಲಕ್ಷಕ್ಕೂ ಮೇಲೆ, ಗಿನ್ನೆಸ್ ದಾಖಲೆ. ಬಿಡುಗಡೆಯ ಹೊತ್ತಿಗೆ ಆಟದೊಳಗಿನ ದುಡ್ಡಿನ ವ್ಯವಹಾರವನ್ನ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯ್ತು. ಆ ಬೈಗುಳಕ್ಕೆ ನನ್ನದೂ ಒಂದು ಓಟು. ಮದುವೆಮನೆಗೆ ಕರೆದು, ಮುಯ್ಯಿ ಇಸ್ಕೊಂಡು, ಪಾಯಸಕ್ಕೆ ಬೇರೆ ಚೀಟಿ ಹರೀತೀನಿ ಅಂದ ಹಾಗೆ ಅದು.

ಅಷ್ಟರಲ್ಲಿ ಅಮ್ಮನೋರು ಬಟ್ಟಲಲ್ಲಿ ಮೊಸರು ತಂದು ಬೇಲಿ ಮೇಲಿಂದ ಚಾಚಿದರು. ಅವರು ಒಳಗೆ ಹೋಗೋವರೆಗೂ ಮೇಷ್ಟ್ರು ಗಿಡದ ಎಲೆ ಎಣಿಸುತ್ತಾ ನಿಂತಿದ್ದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

“ನಿಮ್ಮ ಫೋನಲ್ಲೂ ಈ ಆಟ ಇದೆಯಂತಲ್ಲ. ನನ್ನ ಜೀವ ಎಲ್ಲಾ ಖಾಲಿ. ಒಂದೇ ಒಂದು ಜೀವ ಈ ಕಡೆ ಕಳಿಸ್ತೀರಾ?”