ಯಾರಿಗೂ ತೊಂದರೆ ಕೊಡದವರು

ತೊಂದರೆ ಕೊಡದವರು ಎಂದು ಕರೆಯಬಹುದಾದ ಒಂದು ಬಗೆಯ ನೌಕರರು ಗೋಡೆಯಿಲ್ಲದ ಆಫೀಸುಗಳಲ್ಲಿ ಮಾತ್ರ ಕಾಣಸಿಗುತ್ತಾರೆ. ಬಾಗಿಲಿರುವ ಕೋಣೆಯಲ್ಲಿ ಕೂರಿಸಿದರೆ ಇವರೂ ಎಲ್ಲರಂತೆಯೇ. ಜೋರಾಗಿ ಸೀನುತ್ತಾರೆ, ಫೋನಿನಲ್ಲಿ ನಗುತ್ತಾರೆ, ಮಧ್ಯಾಹ್ನ ಮೂರರ ಹೊತ್ತಿಗೆ ತೂಕಡಿಸುತ್ತಾರೆ. ನೂರಾರು ಜನರನ್ನು ಒಂದೇ ಹಾಲ್‌ನಲ್ಲಿ ಉದ್ದುದ್ದ ಮೇಜುಗಳ ಮುಂದೆ ಸಾಲಾಗಿ ಕೂರಿಸಿದಾಗಲೇ ಇವರ ಗುಣ ಹೊರಬೀಳುವುದು. ಬೆಂಗಳೂರಿನ ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿ ಕಡೆಯ ಕಟ್ಟಡಗಳಲ್ಲಿ ಫ್ಲೋರಿಗೆ ಒಬ್ಬರಾದರೂ ಇರುತ್ತಾರೆ. ಇಬ್ಬರಿದ್ದರೆ ಆ ಫ್ಲೋರಿನಲ್ಲಿ ಲಿಫ್ಟು ಯಾರನ್ನೂ ಹತ್ತಿಸಿಕೊಳ್ಳದೆ ಹೋಗುವುದುಂಟು. ತಮ್ಮಿಂದ ಅಕ್ಕಪಕ್ಕದವರಿಗೆ ಕಿರಿಕಿರಿಯಾಗಬಾರದು ಎಂಬುದೊಂದೇ ಇವರ ವ್ರತ. ಆ ವ್ರತದ ವಿಷಯವನ್ನು ಅಕ್ಕಪಕ್ಕದವರಿಗೆ ದಿನಕ್ಕೆ ಹತ್ತು ಸಲ ತಿಳಿಸದಿದ್ದರೆ ಮಾತ್ರ ಇವರಿಗೆ ಸಮಾಧಾನವಿಲ್ಲ.

ಇವರು ನೆಲೆಸಿರುವ ತಾಣಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ಬಫಲೋ ನಗರದ ಸಾಬೂನು ಕಂಪನಿಯೊಂದಕ್ಕಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ ಲಾರ್ಕಿನ್ ಕಟ್ಟಡ 1906ರಲ್ಲಿ ಮುಗಿದಾಗ, ಗುಮಾಸ್ತರೆಲ್ಲ ಎತ್ತರದ ಹಾಲ್ ಒಂದರಲ್ಲಿ ಒಟ್ಟಿಗೆ ಕೂತರು. 1950ರ ದಶಕದ ಕೊನೆಗೆ ಜರ್ಮನಿಯವರು ಗೋಡೆ ಕಿತ್ತು, ಮೇಜುಗಳನ್ನು ಬೇಕೆಂದೇ ಅಂಕುಡೊಂಕಾಗಿ ಇಟ್ಟು, ನಡುನಡುವೆ ಹೂಕುಂಡ ಜೋಡಿಸಿ, ಇದೇ ಮುಂದಿನ ಕಾಲದ ಕಚೇರಿ ಎಂದರು. ರಾಬರ್ಟ್ ಪ್ರಾಪ್ಸ್ಟ್ ರೂಪಿಸಿ, ಹರ್ಮನ್ ಮಿಲ್ಲರ್ ಕಂಪನಿ 1968ರಲ್ಲಿ ಮಾರಾಟಕ್ಕೆ ತಂದ ಅಡ್ಡಹಲಗೆಗಳಿಂದ ಕ್ಯೂಬಿಕಲ್ ಹುಟ್ಟಿತು. ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ಆಮೇಲೆ ಒಂದರ ಹಿಂದೊಂದು ಬಂದ ಸಾಫ್ಟ್‌ವೇರ್ ಕಂಪನಿಗಳು ಕ್ಯೂಬಿಕಲ್ಲನ್ನೂ ತಂದವು. ನಂತರದ್ದು ಲೆಕ್ಕಾಚಾರ. ಚದರಡಿಯ ಬಾಡಿಗೆ ಏರಿದ ಹಾಗೆಲ್ಲ ಅಡ್ಡಹಲಗೆ ಇಳಿಯಿತು: ತಲೆಮಟ್ಟದಿಂದ ಎದೆಮಟ್ಟಕ್ಕೆ, ಅಲ್ಲಿಂದ ಮಾನಿಟರ್ ಮಟ್ಟಕ್ಕೆ, ಕೊನೆಗೆ ಇಲ್ಲವೇ ಇಲ್ಲ. ಇದಕ್ಕೆ ಎಲ್ಲರೂ ಬೆರೆತು ಕೆಲಸಮಾಡುವ ಸಂಸ್ಕೃತಿ ಎಂದು ಹೆಸರಿಟ್ಟರು. ತಾಲ್ಲೂಕು ಕಚೇರಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅಲ್ಲಿ ಯಾವ ವಾಸ್ತುಶಿಲ್ಪಿಯ ನೆರವೂ ಇಲ್ಲದೆ ಎಲ್ಲರೂ ಒಂದೇ ಹಾಲ್‌ನಲ್ಲಿ ಕೂತಿದ್ದರು. ಗೋಡೆಯ ಬದಲು ಕಡತದ ಕಟ್ಟುಗಳಿದ್ದವು. ಕಂಪ್ಯೂಟರ್ ಬಂದು ಅವೂ ಕರಗಿದವು.

ತೊಂದರೆ ಕೊಡದವರನ್ನು ಗುರುತಿಸುವುದು ಸುಲಭ. ಇವರ ಫೋನು ಸದಾ ವೈಬ್ರೇಟ್‌ನಲ್ಲಿರುತ್ತದೆ, ಅದೂ ಮೇಜಿನ ಮೇಲೆ. ಕರೆ ಬಂದರೆ ಮರದ ಹಲಗೆ ಆ ತುದಿಯಿಂದ ಈ ತುದಿಯವರೆಗೆ ಗುಂಯ್‌ಗುಡುತ್ತದೆ. ಇವರು ಫೋನನ್ನು ಎದೆಗವಚಿಕೊಂಡು, ಎಡಬಲಕ್ಕೆ ಕ್ಷಮೆಯ ನಗೆ ಬೀರುತ್ತ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಡತೊಡಗುತ್ತಾರೆ. ಆ ಕಡೆ ಇರುವವನು ಸಾಮಾನ್ಯವಾಗಿ ಕೊರಿಯರ್ ಹುಡುಗ, ಬೈಕ್ ಮೇಲೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ.

"ಮನೇಲಿ ಅತ್ತೆ ಇದಾರೆ, ಅವರ ಕೈಗೆ ಕೊಡಿ."

"ಏನ್ ಮೇಡಂ?"

"ಅತ್ತೆ... ಅತ್ತೆ ಕೈಗೆ."

"ಕೇಳಿಸ್ತಿಲ್ಲ ಮೇಡಂ, ಓಟಿಪಿ ಹೇಳಿ."

ಓಟಿಪಿಯನ್ನು ಒಂದು ಸಲ ಉಸಿರಿನಲ್ಲಿ, ಎರಡನೆಯ ಸಲ ಪಿಸುಮಾತಿನಲ್ಲಿ, ಮೂರನೆಯ ಸಲ ಹಲ್ಲು ಕಚ್ಚಿ ಹೇಳಿ, ನಾಲ್ಕನೆಯ ಸಲ ನಾಲ್ಕೂ ಅಂಕಿಗಳನ್ನು ಬಿಡಿಬಿಡಿಯಾಗಿ ಕೂಗುವ ಹೊತ್ತಿಗೆ ಅಕೌಂಟ್ಸ್ ವಿಭಾಗದವರೂ ಅದನ್ನು ಬಾಯಿಪಾಠ ಮಾಡಿರುತ್ತಾರೆ. ಇದರ ಹಿಂದೆ ಶಾಸ್ತ್ರವಿದೆ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ವಿವರಿಸಿದ್ದ. ಅದಕ್ಕೆ ಇಂದೂ ಅವನದೇ ಹೆಸರು. ಹಾಲ್‌ನಲ್ಲಿ ಒಬ್ಬ ದನಿ ಏರಿಸಿದರೆ ಪಕ್ಕದವನೂ ಏರಿಸಬೇಕು, ಅವನ ಪಕ್ಕದವನು ಇನ್ನಷ್ಟು. ತೊಂದರೆ ಕೊಡದವರು ಒಂಟಿಯಾಗಿ ಈ ನಿಯಮದ ವಿರುದ್ಧ ಹೋರಾಡುತ್ತಾರೆ, ದಿನವೂ ಸೋಲುತ್ತಾರೆ.

ಪಿಸುಮಾತಿಗೆ ಇನ್ನೊಂದು ಕೆಡುಕಿದೆ. ಫೋನಿನಲ್ಲಾಡುವ ಒಂದು ಬದಿಯ ಮಾತು, ಎರಡೂ ಬದಿ ಕೇಳಿಸುವ ಪೂರ್ತಿ ಮಾತಿಗಿಂತ ಕೇಳುಗನ ಗಮನವನ್ನು ಹೆಚ್ಚು ಕೆಡಿಸುತ್ತದೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತ್ತು. ಬಿಟ್ಟುಹೋದ ಅರ್ಧವನ್ನು ತುಂಬಲು ಮನಸ್ಸು ತಾನಾಗಿಯೇ ಓಡುತ್ತದಂತೆ. ತೊಂದರೆ ಕೊಡದವರು ಆ ಅರ್ಧದಲ್ಲೂ ಅರ್ಧವನ್ನು ನುಂಗಿ ಮಾತಾಡುವುದರಿಂದ ಕೇಳಿಸುವುದು ಕಾಲುಭಾಗ. "ಹಾಗಂದ್ರಾ?... ಪೂರ್ತಿ ತೆಗೀಬೇಕಂತಾ?... ಉಳಿಸೋಕಾಗಲ್ವಂತಾ?" ಎಂಬಷ್ಟು ಕಿವಿಗೆ ಬಿದ್ದ ಮೇಲೆ ಆ ಸಾಲಿನಲ್ಲಿ ಯಾರಿಗೂ ಕೆಲಸ ಸಾಗುವುದಿಲ್ಲ. ಅದು ವಾಷಿಂಗ್ ಮಷೀನಿನ ಮೋಟರ್ ಎಂದು ತಿಳಿಯುವುದು ಸಂಜೆಗೆ. ಜೋರಾಗಿ ಹೇಳಿದ್ದರೆ ಮೊದಲ ನಿಮಿಷದಲ್ಲೇ ಎಲ್ಲರೂ ನಿರಾಳವಾಗಿ ತಮ್ಮತಮ್ಮ ಕೆಲಸಕ್ಕೆ ಮರಳುತ್ತಿದ್ದರು.

ಬಾಯಿ ತೆರೆದರೆ ತೊಂದರೆಯೆಂದು ಇವರು ಚಾಟ್‌ಗೆ ಮೊರೆಹೋಗುತ್ತಾರೆ. ಇದು ಇವರೊಬ್ಬರ ದಾರಿಯಲ್ಲ. ಗೋಡೆ ಕೆಡವಿದ ಎರಡು ಕಂಪನಿಗಳಲ್ಲಿ ಜನರ ಎದುರಾಬದುರಾ ಮಾತುಕತೆ ಶೇಕಡ 70ರಷ್ಟು ಇಳಿಯಿತೆಂದೂ ಇಮೇಲ್, ಚಾಟ್ ಹೆಚ್ಚಿದವೆಂದೂ ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2018ರಲ್ಲಿ ಬರೆದಿದ್ದಾರೆ. ಬೆರೆಯಲೆಂದು ಕೂರಿಸಿದವರು ಹೆಡ್‌ಫೋನ್ ಹಾಕಿಕೊಂಡು ಕೂತರು. ಆದರೆ ಬೇರೆಯವರು ಚಾಟ್‌ನಲ್ಲಿ ಕೇಳಬೇಕಾದ್ದನ್ನು ಕೇಳಿ ಮುಗಿಸುತ್ತಾರೆ. ತೊಂದರೆ ಕೊಡದವರು "ಹಾಯ್" ಎಂದು ಕಳಿಸಿ ಕಾಯುತ್ತಾರೆ. ಆ ಕಡೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು "ಹೇಳಿ" ಎನ್ನಬೇಕು. ಆಗ "ಬ್ಯುಸಿ ಇದೀರಾ?" ಬರುತ್ತದೆ. "ಇಲ್ಲ, ಹೇಳಿ." ಟೈಪ್ ಮಾಡುತ್ತಿರುವ ಸೂಚನೆಯ ಮೂರು ಚುಕ್ಕಿಗಳು ಕುಣಿಯುತ್ತವೆ, ನಿಲ್ಲುತ್ತವೆ, ಮತ್ತೆ ಕುಣಿಯುತ್ತವೆ. ಐದು ನಿಮಿಷದ ನಂತರ: "ಪರವಾಗಿಲ್ಲ, ನೀವು ಫ್ರೀ ಆದಾಗ ಬರ್ತೀನಿ." ಇಷ್ಟಾಗುವಾಗ ಇಬ್ಬರೂ ಕೂತಿರುವುದು ಒಂದೇ ಮೇಜಿಗೆ, ನಡುವೆ ಒಂದು ನೀರಿನ ಬಾಟಲಿ. ಬಂದವರು ಕೇಳುವುದು ಪ್ರಿಂಟರ್‌ನಲ್ಲಿ ಕಾಗದ ಇದೆಯಾ ಎಂದು.

ಊಟದ ವಿಷಯದಲ್ಲಿ ಇವರದು ದೊಡ್ಡ ತ್ಯಾಗ. ಕರಾವಳಿಯವರಾದರೆ ಬಂಗುಡೆಯನ್ನು ಶನಿವಾರಕ್ಕೆ ಮುಂದೂಡುತ್ತಾರೆ. ಮಂಡ್ಯದ ಕಡೆಯವರಾದರೆ ಹುರುಳಿಕಾಳಿನ ಬಸ್ಸಾರನ್ನು ರಾತ್ರಿಯೂಟಕ್ಕೆ ಉಳಿಸುತ್ತಾರೆ. ವಾಸನೆ ಬಾರದಿರಲೆಂದು ಮೊಸರನ್ನ ತರುತ್ತಾರೆ. ಆದರೆ ಬರೀ ಮೊಸರನ್ನ ಇಳಿಯುವುದು ಹೇಗೆ? ಜೊತೆಗೆ ಬಾಳಕದ ಮೆಣಸಿನಕಾಯಿ. ಅದನ್ನು ಕಚ್ಚಿದರೆ ಸದ್ದಾಗುತ್ತದೆಂದು ಬಾಯಲ್ಲಿಟ್ಟುಕೊಂಡು ನೆನೆಸುತ್ತಾರೆ, ನೆನೆದಷ್ಟೂ ಖಾರ ಬಿಡುತ್ತದೆ, ಕೆಮ್ಮು ತಡೆಯಲು ಹೋಗಿ ಮುಖ ಕೆಂಪಾಗುತ್ತದೆ. ಆಗ ಮೂವರು ನೀರು ಹಿಡಿದು ಓಡಿಬರುತ್ತಾರೆ, ಒಬ್ಬರು ನೆತ್ತಿ ತಟ್ಟುತ್ತಾರೆ. ಪ್ಯಾಂಟ್ರಿಯ ಮೈಕ್ರೋವೇವ್‌ನಲ್ಲಿ ಸಿಗಡಿ ಸುಕ್ಕ ಬಿಸಿಮಾಡಿ ತಂದವರು ಇವರ ಎದುರು ಕೂತು ತಣ್ಣಗೆ ಉಂಡು, ಕೈತೊಳೆದು, ಸೀಟಿಗೆ ಮರಳಿರುತ್ತಾರೆ.

ಎಸಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರ 2020ರಿಂದ ರೂಮ್ ಎಸಿಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಮಾರಬೇಕೆಂದು ನಿಯಮ ಮಾಡಿದರೂ ದೊಡ್ಡ ಕಟ್ಟಡದ ಎಸಿ ಯಾರ ಕೈಯಲ್ಲಿದೆಯೆಂದು ಆ ಕಟ್ಟಡದವರಿಗೇ ಗೊತ್ತಿರುವುದಿಲ್ಲ. ಚಳಿಯಾದರೆ ಬೇರೆಯವರು ಫೆಸಿಲಿಟೀಸ್‌ನವರಿಗೆ ದೂರು ಕೊಡುತ್ತಾರೆ. ತೊಂದರೆ ಕೊಡದವರು ಶಾಲು, ಮೇಲೊಂದು ಸ್ವೆಟರ್, ಕಿವಿಗೆ ಮಫ್ಲರ್ ಹಾಕಿಕೊಂಡು, "ನನಗೇನೂ ಚಳಿಯಿಲ್ಲ, ನೀವು ನಿಮಗೆ ಬೇಕಾದ ಹಾಗೆ ಇಟ್ಕೊಳ್ಳಿ" ಎನ್ನುತ್ತಾರೆ. ಅವರ ಹಲ್ಲು ಕಟಕಟಿಸುವುದನ್ನು ಕೇಳಲಾಗದೆ ಪಕ್ಕದವರೇ ಎದ್ದು ಎಸಿ ಕಮ್ಮಿ ಮಾಡಿಸುತ್ತಾರೆ, ಮಿಕ್ಕವರು ಬೆವರುತ್ತಾರೆ.

ಹೌಸ್‌ಕೀಪಿಂಗ್‌ನ ಅಕ್ಕನಿಗೆ ಮಾತ್ರ ಇವರ ಸೌಜನ್ಯದ ಪೂರ್ಣ ಅನುಭವವಿದೆ. ಆ ಅಕ್ಕ ದಿನಕ್ಕೆ ಎರಡು ಸಲ ಇಡೀ ಹಾಲ್ ಒರೆಸುತ್ತಾಳೆ. ಬಕೆಟ್ಟು ನೆಲಕ್ಕೆ ತಾಗಿದ ಸದ್ದು ಯಾರಿಗೂ ಕೇಳಿಸಿರುವುದಿಲ್ಲ. ಉಳಿದವರು ಸ್ಕ್ರೀನಿನಿಂದ ಕಣ್ಣು ಕೀಳದೆ ಕಾಲೆತ್ತುತ್ತಾರೆ, ಮಾಪ್ ಸರಿದುಹೋಗುತ್ತದೆ, ಕಾಲಿಳಿಸುತ್ತಾರೆ. ತೊಂದರೆ ಕೊಡದವರು ಹಾಗಲ್ಲ. ಅಕ್ಕ ಎರಡು ಮೇಜಿನಾಚೆ ಇರುವಾಗಲೇ ಎದ್ದು, ಕುರ್ಚಿ ಎಳೆದು, ಬ್ಯಾಗು ಎತ್ತಿಕೊಂಡು, ಆಗತಾನೇ ಒರೆಸಿದ ಹಸಿ ನೆಲದ ಮೇಲೆ ಹೋಗಿ ನಿಲ್ಲುತ್ತಾರೆ. "ನೀವು ಆರಾಮಾಗಿ ಒರೆಸಿ ಅಕ್ಕ, ನಾನಿಲ್ಲೇ ನಿಂತಿರ್ತೀನಿ." ಅಕ್ಕ ಏನೂ ಹೇಳುವುದಿಲ್ಲ. ಅಲ್ಲಿಂದ ಇಲ್ಲಿಗೆ ಬಂದು, ಮತ್ತೆ ಅಲ್ಲಿಗೆ ಹೋಗಿ ಹೆಜ್ಜೆಗುರುತು ಒರೆಸುತ್ತಾಳೆ. ಅದನ್ನು ನೋಡಿ ಸಂಕಟವಾಗಿ ಇವರು ಬೇರೆ ಕಡೆ ಸರಿದು ನಿಲ್ಲುತ್ತಾರೆ.

ಇದುವರೆಗೆ ಹೇಳಿದ್ದೆಲ್ಲ ಬಾಯಿ, ಕೈಕಾಲುಗಳ ವಿಚಾರ. ತೊಂದರೆ ಕೊಡದವರ ನಿಜವಾದ ಕಷ್ಟ ಇರುವುದು ಕಿವಿಯಲ್ಲಿ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಒಂದು ಕಾಲಕ್ಕೆ ವಠಾರಗಳಿದ್ದವು: ಒಂದೇ ಅಂಗಳ, ಒಂದೇ ನಲ್ಲಿ, ಮನೆಮನೆಯ ನಡುವೆ ತೆಳುವಾದ ಗೋಡೆ. ಒಬ್ಬರ ಮನೆಯ ಒಗ್ಗರಣೆ ಚಟಪಟ ಎಲ್ಲರಿಗೂ ಕೇಳಿಸುತ್ತಿತ್ತು, ರಾತ್ರಿಯ ಜಗಳವೂ ಕೇಳಿಸುತ್ತಿತ್ತು. ಆದರೆ ಬೆಳಗ್ಗೆ ನಲ್ಲಿಯ ಹತ್ತಿರ ಸಿಕ್ಕ ಪಕ್ಕದ ಮನೆಯಾಕೆ ಕೇಳುತ್ತಿದ್ದುದು "ನೀರು ಬಂತಾ?" ಎಂದಷ್ಟೇ. ಕೇಳಿಸಿದ್ದನ್ನು ಕೇಳಿಸಲಿಲ್ಲವೆಂಬಂತೆ ಬಿಂದಿಗೆ ಹಿಡಿದು ನಿಲ್ಲುವ ಆ ವಿದ್ಯೆಯಿಲ್ಲದೆ ವಠಾರದಲ್ಲಿ ಮೂರು ದಿನ ಬಾಳುವಂತಿರಲಿಲ್ಲ. ವಠಾರ ಬಿಟ್ಟು ಅಪಾರ್ಟ್‌ಮೆಂಟಿಗೆ ಹೋದವರ ಮಕ್ಕಳು ಆ ವಿದ್ಯೆ ಕಲಿಯದೆ ಬೆಳೆದು, ಗೋಡೆಯಿಲ್ಲದ ಆಫೀಸಿಗೆ ಬಂದು ಕೂತಿದ್ದಾರೆ.

ತೊಂದರೆ ಕೊಡದವರಿಗೆ ಎಲ್ಲವೂ ಕೇಳಿಸುತ್ತದೆ, ಕೇಳಿಸಿದ್ದಕ್ಕೆಲ್ಲ ಸ್ಪಂದಿಸುವುದು ತಮ್ಮ ಕರ್ತವ್ಯವೆಂದು ತೋರುತ್ತದೆ. ಎದುರಿನ ಹುಡುಗ ಕಾರಿಡಾರಿನಲ್ಲಿ ಗುಟ್ಟಾಗಿ ಬೇರೆ ಕಂಪನಿಯ ಇಂಟರ್‌ವ್ಯೂ ಕರೆ ಮುಗಿಸಿ ಬಂದರೆ, ಇವರು ಮೆಲ್ಲಗೆ ಬಾಗಿ "ಆಲ್ ದಿ ಬೆಸ್ಟ್, ನಾನು ಯಾರಿಗೂ ಹೇಳಲ್ಲ" ಎನ್ನುತ್ತಾರೆ. ಅವನ ಪಕ್ಕದಲ್ಲೇ ಮ್ಯಾನೇಜರ್ ಕೂತಿರುತ್ತಾರೆ. ಹಿಂದಿನ ಸಾಲಿನವರು ಮನೆಗೆ ಫೋನು ಮಾಡಿ ಮಾವನವರ ಮಂಡಿನೋವಿನ ಬಗ್ಗೆ ವಿಚಾರಿಸಿದ ಮರುದಿನ, ಅವರ ಕೀಬೋರ್ಡ್ ಮೇಲೆ ಜಯನಗರದ ಮೂಳೆ ಡಾಕ್ಟರರ ಚೀಟಿ, ಜೊತೆಗೆ ಮಹಾನಾರಾಯಣ ತೈಲದ ಸಣ್ಣ ಶೀಶೆ. ಉದ್ದೇಶ ಒಳ್ಳೆಯದೇ. ಆ ಮಾವನವರಿಗೆ ಎಣ್ಣೆ ಹಿಡಿಸಿದ್ದೂ ಉಂಟು. ಆದರೆ ಅಂದಿನಿಂದ ಹಿಂದಿನ ಸಾಲಿನವರು ಮನೆಗೆ ಫೋನು ಮಾಡಬೇಕಾದರೆ ಪಾರ್ಕಿಂಗ್ ನೆಲಮಾಳಿಗೆಗೆ ಇಳಿದು ಹೋಗುತ್ತಾರೆ. ಅಲ್ಲಿ ಸಿಗ್ನಲ್ ಸಿಗದು.

ತೊಂದರೆ ಕೊಡುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಸ್ಪೀಕರ್ ಹಾಕಿಕೊಂಡು ಸೈಟು ಮಾರಾಟದ ವ್ಯವಹಾರ ಕುದುರಿಸುವವರು, ಇನ್ನೊಬ್ಬರ ಮೇಜಿನ ಮೇಲೆ ಕೂತು ಕಾಲಾಡಿಸುವವರು, ಎರವಲು ಪಡೆದ ಚಾರ್ಜರ್ ಅನ್ನು ಪರಂಪರೆಯಾಗಿ ಬಂದ ಆಸ್ತಿಯೆಂದು ತಿಳಿದವರು, ಇವರನ್ನೆಲ್ಲ ಆಫೀಸು ಬೈದುಕೊಂಡೇ ಒಗ್ಗಿಸಿಕೊಂಡಿರುತ್ತದೆ. ಅವರಿಗೆ "ಸ್ವಲ್ಪ ಮೆಲ್ಲಗೆ ಸಾರ್" ಎನ್ನಬಹುದು, ಅವರೂ ಬೇಸರಪಡದೆ ಎರಡು ನಿಮಿಷ ಮೆಲ್ಲಗಾಗುತ್ತಾರೆ. ತೊಂದರೆ ಕೊಡದವರಿಗೆ ಹಾಗೆ ಹೇಳುವಂತಿಲ್ಲ. ಹೇಳಿದರೆ ಅವರು ಅಂದು ಮಧ್ಯಾಹ್ನದ ಊಟ ಬಿಡುತ್ತಾರೆ, ಮರುದಿನ ಸೀಟು ಬದಲಿಸಿಕೊಂಡು ಟಾಯ್ಲೆಟ್ ಬಾಗಿಲಿನ ಪಕ್ಕ ಕೂರುತ್ತಾರೆ, ಹೇಳಿದವರ ಮುಖ ಕಂಡಾಗಲೆಲ್ಲ ಎದ್ದು ದಾರಿ ಬಿಡುತ್ತಾರೆ.

ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡುವಾಗ ಇವರ ವ್ರತಕ್ಕೆ ಭಂಗ ಬರುವ ಭಯವಿರಲಿಲ್ಲ. ಮೀಟಿಂಗ್‌ಗೆ ಮೊದಲು ಸೇರಿ ಮೊದಲು ಮ್ಯೂಟ್ ಆಗುತ್ತಿದ್ದವರು ಇವರೇ. ತಮ್ಮ ಸರದಿ ಬಂದಾಗ ಮ್ಯೂಟ್‌ನಲ್ಲೇ ಐದಾರು ನಿಮಿಷ ವಿವರವಾಗಿ ಮಾತಾಡಿ ಮುಗಿಸುತ್ತಿದ್ದರು. "ಮ್ಯೂಟ್‌ನಲ್ಲಿದೀರಿ" ಎಂದು ಹದಿನಾಲ್ಕು ಜನ ಒಟ್ಟಿಗೆ ಕೂಗಿ, ಹದಿನಾಲ್ಕು ಮನೆಗಳಲ್ಲಿ ಮಲಗಿದ್ದ ಕೂಸುಗಳು ಏಳುತ್ತಿದ್ದವು. ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು, ಸೀಟು ಯಾರದ್ದೂ ಅಲ್ಲ, ಆ್ಯಪ್‌ನಲ್ಲಿ ಕಾಯ್ದಿರಿಸಬೇಕು. ತೊಂದರೆ ಕೊಡದವರು ತಾವು ಕಾಯ್ದಿರಿಸಿದ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರೆ ಎಬ್ಬಿಸುವುದಿಲ್ಲ. ಅವರ ಹಿಂದೆ ಲ್ಯಾಪ್‌ಟಾಪ್ ಹಿಡಿದು ಸುಮ್ಮನೆ ನಿಲ್ಲುತ್ತಾರೆ.

ಕೆಲಸ ಬಿಡುವ ದಿನ ಇವರು ಯಾರಿಗೂ ತೊಂದರೆಯಾಗದಂತೆ ಹೋಗಬೇಕೆಂದು ತೀರ್ಮಾನಿಸಿರುತ್ತಾರೆ. ಕೇಕ್ ಬೇಡ, ಭಾಷಣ ಬೇಡ. ವಿದಾಯದ ಮೇಲ್‌ನಲ್ಲಿ ಎಲ್ಲರ ವಿಳಾಸವನ್ನೂ ಬಿಸಿಸಿಗೆ ಹಾಕುತ್ತಾರೆ, ಒಬ್ಬರು ಉತ್ತರಿಸಿದರೆ ನೂರು ಜನರ ಇನ್‌ಬಾಕ್ಸ್ ತುಂಬಬಾರದಲ್ಲ. ಹೀಗಾಗಿ ಯಾರು ಶುಭ ಹಾರೈಸಿದ್ದಾರೆ, ಯಾರು ಇಲ್ಲ ಎಂಬುದು ಯಾರಿಗೂ ತಿಳಿಯದೆ ಎಲ್ಲರೂ ಒಬ್ಬೊಬ್ಬರಾಗಿ ಬರೆಯುತ್ತಾರೆ. ಅಷ್ಟು ಜನರಿಗೆ ಮೇಲ್‌ನಲ್ಲೇ ಧನ್ಯವಾದ ಹೇಳುವುದು ಮರ್ಯಾದೆಯಲ್ಲವೆಂದು ಇವರಿಗನಿಸುತ್ತದೆ. ಸಂಜೆ ನಾಲ್ಕಕ್ಕೆ ಎದ್ದು, ಮೊದಲ ಸಾಲಿನ ಮೊದಲ ಮೇಜಿನ ಮುಂದೆ ತುದಿಗಾಲಲ್ಲಿ ನಿಂತು, ಹೆಡ್‌ಫೋನ್ ತೆಗೆಯುವವರೆಗೆ ಕಾದು, "ಬ್ಯುಸಿ ಇದೀರಾ?" ಎಂದು ಶುರುಮಾಡುತ್ತಾರೆ. ಆ ಫ್ಲೋರಿನಲ್ಲಿ ಹನ್ನೊಂದು ಸಾಲುಗಳಿವೆ.